ಮೊದಲು ಕೆಲಸ, ಆಮೇಲೆ ಕ್ಯಾಮರಾ

ಹೊಸದಾಗಿ ಡಿಜಿಟಲ್ ಕ್ಯಾಮರಾ ಕೊಳ್ಳುವ ಕೃಷಿಕರಿಗೆ ಒಂದಿಷ್ಟು ಅನುಭವದ ಮಾತು

2022ರ ಆಗಸ್ಟ್. ಮೂರು ದಿನದಿಂದ ಬಿಡದ ಮಳೆ. ನಮ್ಮ ಹೊಳೆಬದಿಯ ತೋಟದಲ್ಲಿ 28 ಅಡಿಕೆ ಮರಗಳ ಸೋಗೆ ಹಳದಿಗೆ ತಿರುಗಿತ್ತು. ನೆರೆಮನೆಯ ಭಾವ ಕೊಡೆ ಹಿಡಿದು ಬಂದು ನೋಡಿದರು. "ಇದು ಹಳದಿ ರೋಗವೇ ಭಾವ. ಕಡಿದು ಹಾಕುವುದು ಒಳ್ಳೆಯದು. ಇಲ್ಲದಿದ್ರೆ ನನ್ನ ತೋಟಕ್ಕೂ ಬರ್ತದೆ" ಎಂದರು.

ಕಡಿಯುವುದೆಂದರೆ ಬಾಯಿಮಾತೇ? ಹದಿನೆಂಟು ವರ್ಷದ ಮರಗಳು. ಒಂದು ಸೋಗೆ ಇಳಿಸಿ ನೋಡೋಣವೆಂದರೆ ಜಾರುವ ಮರಕ್ಕೆ ಆ ಮಳೆಯಲ್ಲಿ ಏರುವವರಿಲ್ಲ. ಫೋನಿನಲ್ಲಿ ಝೂಮ್ ಮಾಡಿ ನಾಲ್ಕು ಫೋಟೋ ತೆಗೆದು, ಪರಿಚಯದ ಸಸ್ಯರೋಗ ತಜ್ಞರೊಬ್ಬರಿಗೆ ವಾಟ್ಸಾಪ್ ಮಾಡಿದೆ. ಸಂಜೆ ಅವರ ಫೋನ್ ಬಂತು. "ಚಿತ್ರದಲ್ಲಿ ಹಳದಿ ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ ಮಾರಾಯ್ರೆ. ಚುಕ್ಕಿ ಉಂಟಾ? ಚುಕ್ಕಿಯ ಸುತ್ತ ಹಳದಿ ಉಂಗುರ ಉಂಟಾ? ಅಲ್ಲ, ಎಲೆಯ ತುದಿಯಿಂದಲೇ ಹಳದಿ ಇಳೀತಾ ಉಂಟಾ? ಅದು ಗೊತ್ತಾಗದೆ ನಾನು ಏನೂ ಹೇಳುವ ಹಾಗಿಲ್ಲ."

ಮನೆಯಲ್ಲಿ ಕ್ಯಾಮರಾ ಇರಲಿಲ್ಲ ಎಂದಲ್ಲ. 2019ರಲ್ಲಿ 18 ಸಾವಿರ ಕೊಟ್ಟು ತಂದ, 60 ಪಟ್ಟು ಝೂಮ್ ಇರುವ ಕ್ಯಾಮರಾ ಕಪಾಟಿನಲ್ಲಿತ್ತು. ಅದನ್ನು ಹೊರತೆಗೆದರೆ ಲೆನ್ಸಿನೊಳಗೆ ಜೇಡನ ಬಲೆಯಂಥ ಬಿಳಿ ಎಳೆಗಳು. ಅಡಿಕೆಗೆ ಬರುವ ಹಾಗೆ ಅದಕ್ಕೂ ಬೂಷ್ಟು ಬಂದಿತ್ತು. ಆದರೂ ತೆಗೆದು ನೋಡಿದೆ. ಮಳೆಗಾಲದ ತೋಟದ ಮಬ್ಬಿನಲ್ಲಿ ಬಂದದ್ದು ಹಸುರು-ಹಳದಿ ಕಲಸುಮೇಲೋಗರ.

ಒಂಬತ್ತು ದಿನ ಕಳೆದು ಮಳೆ ಬಿಟ್ಟಿತು, ಮರ ಏರುವವರು ಬಂದರು, ಸೋಗೆ ಕೆಳಗಿಳಿಯಿತು. ಎಲೆ ತುಂಬ ಕಂದು ಚುಕ್ಕಿ, ಸುತ್ತ ಹಳದಿ ಉಂಗುರ. ಎಲೆಯನ್ನು ಜಗಲಿಯ ಬೆಳಕಿನಲ್ಲಿಟ್ಟು ಅದೇ ಫೋನಿನಲ್ಲಿ ಹತ್ತಿರದಿಂದ ತೆಗೆದ ಚಿತ್ರ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ: "ಎಲೆಚುಕ್ಕಿ ರೋಗ. ಮರ ಕಡಿಯಬೇಡಿ." 28 ಮರ ಉಳಿದವು. ಆದರೆ ಆ ಒಂಬತ್ತು ದಿನಗಳಲ್ಲಿ ಚುಕ್ಕಿ ಮೇಲಿನ ತಟ್ಟಿನ ತೋಟಕ್ಕೂ ಹತ್ತಿತ್ತು.

ಅಂದು ಎರಡು ಪಾಠ ಕಲಿತೆ. ಹತ್ತಿರದ ಕೆಲಸಕ್ಕೆ ಕೈಯಲ್ಲಿದ್ದ ಫೋನೇ ಸಾಕಾಗಿತ್ತು. ದೂರದ ಕೆಲಸಕ್ಕೆಂದು ದುಡ್ಡು ಸುರಿದು ತಂದ ಕ್ಯಾಮರಾ ದಂಡವಾಗಿತ್ತು. ಅಂಗಡಿಯಲ್ಲಿ ದೊಡ್ಡ ಅಂಕೆ ನೋಡಿ ಕೊಂಡಿದ್ದೆ, ನನ್ನ ತೋಟದ ಕೆಲಸ ನೋಡಿ ಕೊಂಡಿರಲಿಲ್ಲ. ಈ ತಪ್ಪು ನಿಮ್ಮಿಂದ ಆಗದಿರಲಿ ಎಂದು ಈ ಬರಹ.

ಯಾವ ಚಿತ್ರ ಬೇಕು, ಪಟ್ಟಿ ಮಾಡಿ

ಪಂಪ್ ಕೊಳ್ಳುವಾಗ ಬಾವಿಯ ಆಳ, ನೀರು ಏರಬೇಕಾದ ಎತ್ತರ ಕೇಳುತ್ತೇವೆ. ಕ್ಯಾಮರಾಕ್ಕೂ ಅದೇ ರೀತಿ. ಒಂದು ಕಾಗದದಲ್ಲಿ, ಬರುವ ವರ್ಷ ನಾನು ತೆಗೆಯಬೇಕಾದ ಹತ್ತು ಚಿತ್ರ ಯಾವುದು ಎಂದು ಬರೆಯಿರಿ. ಕೃಷಿಕನ ಚಿತ್ರಗಳು ಹೆಚ್ಚಾಗಿ ನಾಲ್ಕು ಗುಂಪಿಗೆ ಬರುತ್ತವೆ.

ಒಂದು, ಹತ್ತಿರದ್ದು. ಎಲೆಯ ಚುಕ್ಕಿ, ಕೀಟ, ಬೇರಿನ ಗಂಟು, ಹೂವಿನೊಳಗಿನ ನುಸಿ.

ಎರಡು, ದೂರದ್ದು. ಮರದ ತುದಿಯ ಸೋಗೆ, ಹಿಂಗಾರ, ಗೊನೆ; ತೆಂಗಿನ ಸುಳಿ; ಬೆಳೆಗೆ ಬರುವ ಹಕ್ಕಿ, ಮಂಗ.

ಮೂರು, ದಾಖಲೆ. ನೆರೆ ಬಂದ ಗದ್ದೆ, ಗಾಳಿಗೆ ಬಿದ್ದ ಬಾಳೆ, ಕುಸಿದ ಗುಡ್ಡ, ಹೊಸ ಕೆರೆಯ ಮೊದಲು-ನಂತರ.

ನಾಲ್ಕು, ಜನ ಮತ್ತು ಮನೆ. ಮದುವೆ, ಮಕ್ಕಳು, ಅಡಿಕೆ ಸುಲಿಯುವ ಸಂಜೆ, ಮಾರಾಟಕ್ಕಿಟ್ಟ ಜೇನು-ಉಪ್ಪಿನಕಾಯಿಯ ಚಿತ್ರ.

ನಿಮ್ಮ ಹತ್ತರಲ್ಲಿ ಎಂಟು ಚಿತ್ರ ಮೂರನೆಯ ಮತ್ತು ನಾಲ್ಕನೆಯ ಗುಂಪಿನಲ್ಲಿದ್ದರೆ ಕ್ಯಾಮರಾದ ಅಂಗಡಿಗೆ ಹೋಗುವುದೇ ಬೇಡ. ಫೋನು ಧಾರಾಳ ಸಾಕು.

ಫೋನಿನಿಂದ ಎಷ್ಟಾಗುತ್ತದೆ?

ದಾಖಲೆಗೆ ಫೋನೇ ಮೇಲು. ಲೊಕೇಶನ್ ಚಾಲೂ ಇದ್ದರೆ ದಿನಾಂಕ, ಸಮಯದ ಜೊತೆ ಜಾಗವೂ ಚಿತ್ರದೊಳಗೆ ದಾಖಲಾಗುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಇದೆ. ಆಗ ಕ್ಯಾಮರಾ ಹುಡುಕಿ, ಚಾರ್ಜ್ ಮಾಡಿ ಕೂರಲು ಪುರುಸೊತ್ತಿಲ್ಲ.

ಹತ್ತಿರದ ಚಿತ್ರಕ್ಕೂ ಫೋನು ಬಹುಮಟ್ಟಿಗೆ ಸಾಕು, ಕೆಲವು ಅಭ್ಯಾಸ ಬೇಕಷ್ಟೆ.

* ಮೊದಲು ಫೋನಿನ ಲೆನ್ಸ್ ಒರೆಸಿ. ತೋಟದಲ್ಲಿ ನಮ್ಮ ಕೈಯಲ್ಲಿ ಬೆವರು, ಮಣ್ಣು, ಎಣ್ಣೆ ಇದ್ದೇ ಇರುತ್ತದೆ. ಮಬ್ಬು ಚಿತ್ರಕ್ಕೆ ಎಷ್ಟೋ ಸಲ ಇಷ್ಟೇ ಕಾರಣ.
* ಎರಡು ಬೆರಳಲ್ಲಿ ಎಳೆದು ಹಿಗ್ಗಿಸಬೇಡಿ. ಬಹುತೇಕ ಅಗ್ಗದ ಫೋನುಗಳಲ್ಲಿ ಅದು ಝೂಮ್ ಅಲ್ಲ, ಚಿತ್ರದ ನಡುಭಾಗ ಕತ್ತರಿಸಿ ದೊಡ್ಡದು ಮಾಡುವುದು ಅಷ್ಟೆ.
* ಅಗ್ಗದ ಫೋನುಗಳಲ್ಲಿ 'ಮ್ಯಾಕ್ರೋ' ಎಂದು ಕೊಡುವ 2 ಮೆಗಾಪಿಕ್ಸೆಲ್ಲಿನ ಲೆನ್ಸನ್ನು ನಂಬಬೇಡಿ. ಮುಖ್ಯ ಲೆನ್ಸಿನಲ್ಲಿ ತುಸು ದೂರದಿಂದ ತೆಗೆದು ಆಮೇಲೆ ಕತ್ತರಿಸಿದರೆ ಹೆಚ್ಚು ಸ್ಪಷ್ಟ.
* ತೆಳ್ಳಗಿನ ಕಡ್ಡಿ, ಸಣ್ಣ ಕೀಟ ತೆಗೆಯುವಾಗ ಫೋಕಸ್ ಹಿಂದಿನ ಗಿಡಕ್ಕೆ ಓಡುತ್ತದೆ. ವಸ್ತುವಿನ ಹಿಂದೆ ನಿಮ್ಮ ಅಂಗೈ ಹಿಡಿಯಿರಿ. ಫೋಕಸ್ ಹಿಡಿದ ಮೇಲೆ ಬೇಕಾದರೆ ಕೈ ತೆಗೆಯಿರಿ.
* ರೋಗದ ಚಿತ್ರವಾದರೆ ಒಂದು ಸಾಲದು. ಇಡೀ ಗಿಡ, ರೋಗ ಇರುವ ಕೊಂಬೆ ಅಥವಾ ಸೋಗೆ, ಎಲೆಯ ಮೇಲ್ಮೈ, ಎಲೆಯ ಅಡಿ, ಹೀಗೆ ನಾಲ್ಕು. ಪಕ್ಕದಲ್ಲಿ ಸ್ಕೇಲು ಅಥವಾ ನಾಣ್ಯ ಇಡಿ. ಎಷ್ಟು ದೊಡ್ಡದೆಂದು ನೋಡುವವರಿಗೆ ತಿಳಿಯಬೇಕಲ್ಲ.
* ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ.

ಒಂದು ವರ್ಷ ಹೀಗೆ ತೆಗೆದು ನೋಡಿ. ಎಲ್ಲಿ ಫೋನು ಸೋಲುತ್ತದೆ ಎಂಬುದು ಆಗ ನಿಮಗೇ ತಿಳಿಯುತ್ತದೆ. ಆ ಸೋಲಿನ ಪಟ್ಟಿಯೇ ಕ್ಯಾಮರಾ ಕೊಳ್ಳುವ ಪಟ್ಟಿ.

ಮರದ ತುದಿಯ ಲೆಕ್ಕ

ನನ್ನ ಫೋನು ಆ ದಿನ ಯಾಕೆ ಸೋತಿತು? ಆಮೇಲೆ ಕೂತು ಲೆಕ್ಕ ಹಾಕಿದೆ.

ಡಿಜಿಟಲ್ ಚಿತ್ರವೆಂದರೆ ಬಿಂದುಗಳ ಚಾಪೆ. 12 ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 120 ಲಕ್ಷ ಬಿಂದು. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತು ಮೀಟರ್ ದೂರದಲ್ಲಿ ಅದು ಸುಮಾರು 14 ಮೀಟರ್ ಅಗಲದ ಜಾಗವನ್ನು ಹಿಡಿಯುತ್ತದೆ. 14 ಮೀಟರನ್ನು 4000 ಬಿಂದುಗಳಿಗೆ ಹಂಚಿದರೆ ಒಂದು ಬಿಂದುವಿನ ಪಾಲಿಗೆ ಮೂರೂವರೆ ಮಿಲಿಮೀಟರ್. ಎಲೆಯ ಮೇಲಿನ ಚುಕ್ಕಿಯೇ ಮೂರು ಮಿಲಿಮೀಟರ್! ಒಂದು ಬಿಂದುವಿಗಿಂತ ಚಿಕ್ಕದು ಚಿತ್ರದಲ್ಲಿ ಕಾಣುವುದು ಹೇಗೆ? ತಜ್ಞರಿಗೆ ಹಳದಿ ಬಣ್ಣ ಮಾತ್ರ ಕಂಡದ್ದರಲ್ಲಿ ತಪ್ಪೇನಿಲ್ಲ.

ಈಗ ನನ್ನಲ್ಲಿರುವ ಕ್ಯಾಮರಾದ 250 ಮಿಲಿಮೀಟರ್ ಲೆನ್ಸಿನಲ್ಲಿ ಅದೇ ಹತ್ತು ಮೀಟರ್ ದೂರದಲ್ಲಿ ಚಿತ್ರ ತುಂಬ ಬರುವುದು 90 ಸೆಂಟಿಮೀಟರಿನಷ್ಟು ಅಗಲ ಮಾತ್ರ. ಅದನ್ನು 6000 ಬಿಂದುಗಳಿಗೆ ಹಂಚಿದರೆ ಒಂದು ಬಿಂದುವಿಗೆ 0.15 ಮಿಲಿಮೀಟರ್. ಮೂರು ಮಿಲಿಮೀಟರಿನ ಚುಕ್ಕಿಗೆ ಅಡ್ಡಕ್ಕೆ 20 ಬಿಂದು ಸಿಕ್ಕಿತು. ಉಂಗುರವೂ ಕಾಣುತ್ತದೆ.

ಇಲ್ಲಿ ಕೆಲಸ ಮಾಡಿದ್ದು ಮೆಗಾಪಿಕ್ಸೆಲ್ ಅಲ್ಲ, ಲೆನ್ಸು. ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್. ಎ4 ಕಾಗದದ ಇಡೀ ಪುಟಕ್ಕೆ ಒಳ್ಳೆಯ ಮುದ್ರಣ ಆಗಬೇಕಾದರೂ 9 ಮೆಗಾಪಿಕ್ಸೆಲ್ ಸಾಕು. 12ರ ಮೇಲೆ ಎಷ್ಟಿದ್ದರೂ ಹೊಸಬರಿಗೆ ಲಾಭ ಕಡಮೆ.

ಹಂಡೆ ಮತ್ತು ಲೋಟ

ಹಾಗಾದರೆ 60 ಪಟ್ಟು ಝೂಮ್ ಇದ್ದ ನನ್ನ ಮೊದಲ ಕ್ಯಾಮರಾ ಯಾಕೆ ಸೋತಿತು? ಬೂಷ್ಟು ಒಂದು ಕಾರಣ. ಬೂಷ್ಟು ಬರುವ ಮೊದಲೂ ತೋಟದೊಳಗೆ ಅದರ ಹಣೆಬರಹ ಅಷ್ಟೇ ಇತ್ತು. ಕಾರಣ ಸೆನ್ಸರ್.

ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಬಿಲ್ಲೆಯೇ ಸೆನ್ಸರ್. ಸೂರಿನಡಿ ಮಳೆನೀರಿಗೆ ಲೋಟ ಇಟ್ಟರೆ ಬೀಳುವ ನೀರೆಷ್ಟು, ಹಂಡೆ ಇಟ್ಟರೆ ಎಷ್ಟು? ಬಾಯಿ ದೊಡ್ಡದಾದಷ್ಟೂ ಹೆಚ್ಚು. ಭಾರೀ ಝೂಮಿನ ಸಣ್ಣ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ ಇರುವ ಸೆನ್ಸರಿನ ಅಳತೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಹೆಚ್ಚುಕಡಮೆ ಒಂದು ತೊಗರಿ ಬೇಳೆಯಷ್ಟು. ಆರಂಭಿಕ ಎಸ್‌ಎಲ್‌ಆರ್ ಕ್ಯಾಮರಾದಲ್ಲಿ 22ರಿಂದ 23.5 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಇದಕ್ಕೆ ಎಪಿಎಸ್-ಸಿ ಅಳತೆ ಎನ್ನುತ್ತಾರೆ. ವಿಸ್ತೀರ್ಣ ಗುಣಿಸಿ ನೋಡಿ, ಸುಮಾರು 12 ಪಾಲು ದೊಡ್ಡದು.

ಬಿಸಿಲಿನಲ್ಲಿ ಎರಡೂ ಚೆನ್ನಾಗಿಯೇ ಇರುತ್ತವೆ. ಅಂಗಡಿಯ ದೀಪದ ಬೆಳಕಿನಲ್ಲೂ ಮೋಸ ತಿಳಿಯುವುದಿಲ್ಲ. ಅಡಿಕೆ ತೋಟದ ನೆರಳು, ಅದರ ಮೇಲೆ ಮೋಡ, ಅದರ ಮೇಲೆ ಪೂರ್ತಿ ಝೂಮ್, ಈ ಮೂರೂ ಸೇರಿದಾಗ ಲೋಟದ ಬಣ್ಣ ಬಯಲಾಗುತ್ತದೆ. ಬೆಳಕು ಸಾಲದೆ ಕ್ಯಾಮರಾ ಸಂವೇದನೆಯನ್ನು, ಅಂದರೆ ಐಎಸ್‌ಒ ಅನ್ನು ಏರಿಸುತ್ತದೆ. ಆಗ ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಅದನ್ನು ಒರೆಸಲು ಹೋಗಿ ಎಲೆಯ ನರವನ್ನೂ ಒರೆಸಿಬಿಡುತ್ತದೆ.

ಬಯಲುಸೀಮೆಯ ತೆರೆದ ಹೊಲದವರಿಗೆ, ಬಿಸಿಲಿನಲ್ಲಿ ಹಕ್ಕಿ ತೆಗೆಯುವವರಿಗೆ ಆ ಝೂಮ್ ಕ್ಯಾಮರಾ ಕೆಟ್ಟದ್ದಲ್ಲ. ನನ್ನ ತೋಟಕ್ಕೆ ಅದು ಹೊಂದಲಿಲ್ಲ, ಅಷ್ಟೆ.

ಇರುವ ಜಾತಿಗಳು

ಜೇಬಿನ ಕ್ಯಾಮರಾ: ಸಣ್ಣದು, ಲೆನ್ಸ್ ಬಿಚ್ಚಲಾಗದು. ಇದರಲ್ಲಿ ಅಗ್ಗದ್ದನ್ನು ಫೋನು ನುಂಗಿಹಾಕಿದೆ. ಹೊಸಬರು ಇದಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.

ಉದ್ದ ಝೂಮಿನ ಕ್ಯಾಮರಾ: ಇದಕ್ಕೆ ಬ್ರಿಜ್ ಎನ್ನುತ್ತಾರೆ. ಲೆನ್ಸ್ ಬದಲಿಸುವ ರಗಳೆ ಇಲ್ಲ. ಬೆಳಕು ಬೇಕು. ಒಂದು ಇಂಚಿನ ಸೆನ್ಸರ್ ಇರುವ ಜಾತಿ ನೆರಳಿನಲ್ಲೂ ತಕ್ಕಮಟ್ಟಿಗೆ ದುಡಿಯುತ್ತದೆ. ಆದರೆ ಅದರ ಕ್ರಯ ನಮ್ಮಂಥವರಿಗೆ ಭಾರ.

ಎಸ್‌ಎಲ್‌ಆರ್: ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸುವ ಕ್ಯಾಮರಾ. ತೂಕ ಹೆಚ್ಚು. ಒಮ್ಮೆ ಚಾರ್ಜ್ ಮಾಡಿದರೆ ನಾನೂರು-ಐನೂರು ಚಿತ್ರಕ್ಕೆ ತೊಂದರೆಯಿಲ್ಲ. ಕಂಪನಿಗಳು ಹೊಸ ಮಾದರಿ ತರುವುದನ್ನು ಬಹುತೇಕ ನಿಲ್ಲಿಸಿವೆ. ಇದ್ದವರು ಮಾರಿ ಹೊಸ ಜಾತಿಗೆ ಹೋಗುತ್ತಿದ್ದಾರೆ. ಹಾಗಾಗಿ ಹಳೆಯದು ಅಗ್ಗಕ್ಕೆ ಸಿಗುತ್ತದೆ, ಲೆನ್ಸುಗಳೂ ಹಾಗೆಯೇ.

ಮಿರರ್‌ಲೆಸ್: ಕನ್ನಡಿ ಇಲ್ಲ, ಹಗುರ, ವೀಡಿಯೋಕ್ಕೆ ಒಳ್ಳೆಯದು. ಮುಂದಿನ ದಿನ ಇದರದ್ದೇ. ಬ್ಯಾಟರಿ ಬೇಗ ಇಳಿಯುತ್ತದೆ. ಹೊಸದು ದುಬಾರಿ, ಅದರ ಲೆನ್ಸ್ ಇನ್ನೂ ದುಬಾರಿ.

ಕೈಯಲ್ಲಿ ದುಡ್ಡು ಇದ್ದವರು, ಯೂಟ್ಯೂಬಿಗೆ ವೀಡಿಯೋ ಮಾಡುವವರು ಮಿರರ್‌ಲೆಸ್‌ಗೆ ಹೋಗಲಿ. ನಾಲ್ಕೂ ಗುಂಪಿನ ಕೆಲಸ ಒಂದರಲ್ಲೇ ಆಗಬೇಕು, ಖರ್ಚು ಕಡಮೆ ಇರಬೇಕು ಎನ್ನುವವರಿಗೆ ನನ್ನ ಸಲಹೆ, ಚೆನ್ನಾಗಿ ಇಟ್ಟುಕೊಂಡ ಹಳೆಯ ಎಸ್‌ಎಲ್‌ಆರ್.

ಕ್ಯಾನನ್‌ನ 1300ಡಿ, 1500ಡಿ, ನಿಕಾನ್‌ನ ಡಿ3400, ಡಿ3500, ಡಿ5600, ಇವೆಲ್ಲ ಆ ವರ್ಗದವು. 18ರಿಂದ 24 ಮೆಗಾಪಿಕ್ಸೆಲ್. ಇವುಗಳಲ್ಲಿ ಯಾವುದು ಹೆಚ್ಚು ಎಂಬ ಚರ್ಚೆ ಬೇಡ. ಯಾವುದು ಶುಚಿಯಾಗಿದೆ, ನಿಮ್ಮ ಪರಿಚಯದವರಲ್ಲಿ ಯಾವ ಕಂಪನಿಯ ಲೆನ್ಸಿದೆ, ಅದನ್ನು ನೋಡಿ. ಒಂದೇ ಕಂಪನಿಯದಾದರೆ ಲೆನ್ಸ್ ಎರವಲು ಸಿಗುತ್ತದೆ.

ನಾನು 2023ರಲ್ಲಿ 18-55 ಲೆನ್ಸ್ ಸಹಿತ ಹಳೆಯ ಕ್ಯಾಮರಾಕ್ಕೆ 17 ಸಾವಿರ ಕೊಟ್ಟೆ. ಆರು ತಿಂಗಳ ಬಳಿಕ ಹಳೆಯ 55-250 ಲೆನ್ಸಿಗೆ ಏಳೂವರೆ ಸಾವಿರ. ಅಂದರೆ ಮೊದಲನೆಯ ಕ್ಯಾಮರಾಕ್ಕೆ ಹಾಕಿ ಕಳೆದುಕೊಂಡದ್ದಕ್ಕಿಂತ ಆರೂವರೆ ಸಾವಿರ ಮಾತ್ರ ಹೆಚ್ಚು. ಕ್ರಯ ಊರಿನಿಂದ ಊರಿಗೆ, ವಸ್ತುವಿನ ಸ್ಥಿತಿಯಂತೆ ಬದಲಾಗುತ್ತದೆ.

ಲೆನ್ಸ್ ಕೊಳ್ಳುವಾಗ ಒಂದು ಮಾತು. ಕ್ಯಾನನ್‌ನಲ್ಲಿ 'ಐಎಸ್', ನಿಕಾನ್‌ನಲ್ಲಿ 'ವಿಆರ್' ಎಂದು ಲೆನ್ಸಿನ ಮೇಲೆ ಬರೆದಿದೆಯೇ ನೋಡಿ. ಅದು ಕೈನಡುಕ ತಡೆಯುವ ಏರ್ಪಾಡು. ಅದಿಲ್ಲದ 55-250ನ್ನು ತೋಟದ ನೆರಳಿನಲ್ಲಿ ಕೈಯಲ್ಲಿ ಹಿಡಿದು ತೆಗೆಯಲು ಆಗದು. ನಿಕಾನ್‌ನ ಡಿ3000, ಡಿ5000 ಸಾಲಿನ ಕ್ಯಾಮರಾಗಳ ಒಳಗೆ ಫೋಕಸ್ ಮೋಟಾರು ಇಲ್ಲ. ಮೋಟಾರಿಲ್ಲದ ಹಳೆಯ ಲೆನ್ಸ್ ಅಗ್ಗವೆಂದು ತಂದರೆ ಕೈಯಿಂದಲೇ ತಿರುಗಿಸಬೇಕು.

ಹಳೆಯದನ್ನು ನೋಡಿ ಕೊಳ್ಳುವುದು

ದನ ಕೊಳ್ಳುವಾಗ ಹಲ್ಲು, ಕೆಚ್ಚಲು ನೋಡದೆ ಹಗ್ಗ ಹಿಡಿಯುವುದುಂಟೇ? ಚಿತ್ರ ನೋಡಿ ಅಂಚೆಯಲ್ಲಿ ತರಿಸಬೇಡಿ. ಕೈಯಲ್ಲಿ ಹಿಡಿದು ನೋಡಿ. ಒಂದು ಮೆಮೊರಿ ಕಾರ್ಡ್, ಒಂದು ಟಾರ್ಚ್ ಜೊತೆಗಿರಲಿ.

1. ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಬಲೆಯಂಥ, ಬೇರಿನಂಥ ಎಳೆ ಕಂಡರೆ ಬೂಷ್ಟು. ಎಷ್ಟು ಕಡಮೆಗೆ ಕೊಟ್ಟರೂ ಬೇಡ.
2. ಬಿಳಿ ಗೋಡೆಯನ್ನು ಎಫ್ 16ರಲ್ಲಿಟ್ಟು ತೆಗೆಯಿರಿ. ಚಿತ್ರದಲ್ಲಿ ಕಪ್ಪು ಕಲೆ ಕಂಡರೆ ಸೆನ್ಸರಿನ ಮೇಲೆ ಧೂಳು. ಶುಚಿ ಮಾಡಿಸಬಹುದು, ಆ ಖರ್ಚನ್ನು ಕ್ರಯದಲ್ಲಿ ಕಳೆಯಿರಿ.
3. ಈವರೆಗೆ ಎಷ್ಟು ಚಿತ್ರ ತೆಗೆದಿದೆ ಎಂದು ಕೇಳಿ. ಇದಕ್ಕೆ ಶಟರ್ ಕೌಂಟ್ ಎನ್ನುತ್ತಾರೆ. ಆರಂಭಿಕ ಎಸ್‌ಎಲ್‌ಆರ್‌ನ ಶಟರಿಗೆ ಲಕ್ಷದ ಆಸುಪಾಸು ಆಯಸ್ಸು. 20-30 ಸಾವಿರ ಆಗಿದ್ದರೆ ನಮ್ಮ ಬಳಕೆಗೆ ಇನ್ನೂ ಎಳೆಯದು. ಮದುವೆ ಫೋಟೋದವರ ಕೈಯಲ್ಲಿ ದುಡಿದದ್ದಾದರೆ ಎರಡು ಸಲ ಯೋಚಿಸಿ.
4. ಹತ್ತಿರದ್ದು, ದೂರದ್ದು ಎರಡಕ್ಕೂ ಫೋಕಸ್ ಹಿಡಿಯುತ್ತದೆಯೇ? ಎಲ್ಲ ಗುಂಡಿ ಕೆಲಸ ಮಾಡುತ್ತವೆಯೇ? ಫ್ಲಾಶ್ ಏಳುತ್ತದೆಯೇ? ಬ್ಯಾಟರಿ ಊದಿದೆಯೇ?
5. ಮೂಲ ಬಿಲ್ಲು, ಅದರಲ್ಲಿರುವ ಸಂಖ್ಯೆ ಕ್ಯಾಮರಾದ ಅಡಿಯಲ್ಲಿರುವ ಸಂಖ್ಯೆಗೆ ಹೊಂದಬೇಕು. ಕದ್ದ ಮಾಲು ನಮಗೆ ಬೇಡ.
6. ತೆಗೆದ ಚಿತ್ರಗಳನ್ನು ಮನೆಗೆ ತಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. ಮರುದಿನ ದುಡ್ಡು ಕೊಟ್ಟರಾಯಿತು.

ಹತ್ತಿರಕ್ಕೆ ಬೇರೆ ಲೆನ್ಸ್ ಬೇಕೇ?

ಮ್ಯಾಕ್ರೋ ಲೆನ್ಸ್ ಎಂಬುದು ಕ್ಯಾಮರಾಕ್ಕಿಂತಲೂ ದುಬಾರಿ. ಆರಂಭದಲ್ಲಿ ಬೇಡ. 18-55 ಲೆನ್ಸನ್ನು 55ಕ್ಕೆ ತಿರುಗಿಸಿ, ಫೋಕಸ್ ಹಿಡಿಯುವಷ್ಟು ಹತ್ತಿರ ಹೋದರೆ ಆರೇಳು ಸೆಂಟಿಮೀಟರ್ ಅಗಲದ ಜಾಗ ಚಿತ್ರ ತುಂಬ ಬರುತ್ತದೆ. ಕಾಳುಮೆಣಸಿನ ಎಲೆಯ ಚುಕ್ಕಿಗೆ, ಹುಳಕ್ಕೆ ಇದು ಸಾಕು.

ಇನ್ನೂ ಸಣ್ಣದಕ್ಕೆ ಕ್ಲೋಸ್-ಅಪ್ ಲೆನ್ಸ್ ಎಂಬ ಭೂತಗನ್ನಡಿಯಂಥ ಗಾಜು ಸಿಗುತ್ತದೆ. ಲೆನ್ಸಿನ ಮುಂದೆ ತಿರುಪುವುದು. ನನ್ನದಕ್ಕೆ 600 ರೂಪಾಯಿ ಆಯಿತು. ಲೆನ್ಸಿನ ಮುಖದಲ್ಲಿ 52, 55, 58 ಹೀಗೆ ಮಿಲಿಮೀಟರಿನಲ್ಲಿ ಅಳತೆ ಬರೆದಿರುತ್ತದೆ. ಅದೇ ಅಳತೆಯದು ತನ್ನಿ. 250ಕ್ಕೆ ಎಳೆದ ಲೆನ್ಸಿನ ಮುಂದೆ '+2' ಗಾಜು ಹಾಕಿದರೆ ಅರ್ಧ ಮೀಟರ್ ದೂರದಿಂದಲೇ ನಾಲ್ಕೂವರೆ ಸೆಂಟಿಮೀಟರ್ ಜಾಗ ಚಿತ್ರ ತುಂಬುತ್ತದೆ. ಕೀಟ ಹೆದರಿ ಹಾರುವುದಿಲ್ಲ, ನಮ್ಮ ನೆರಳೂ ಬೀಳುವುದಿಲ್ಲ. ಅಂಚಿನಲ್ಲಿ ಸ್ವಲ್ಪ ಮಸುಕು ಇರುತ್ತದೆ, ಸಹಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಉಳಿಸಿಕೊಳ್ಳುವುದು

ಕೊಳ್ಳುವುದಕ್ಕಿಂತ ಕಷ್ಟದ ಕೆಲಸ ಇದು. ನನ್ನ ಮೊದಲ ಕ್ಯಾಮರಾ ಹಾಳಾದದ್ದು ಬಳಸಿ ಅಲ್ಲ, ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಬೆಚ್ಚಗೆ ಮಲಗಿಸಿ! ಚರ್ಮ, ಬಟ್ಟೆ ಎರಡೂ ತೇವ ಹಿಡಿಯುತ್ತವೆ. ಕತ್ತಲೆ, ತೇವ, ಆಡದ ಗಾಳಿ ಇದ್ದಲ್ಲಿ ಬೂಷ್ಟಿಗೆ ಹಬ್ಬ. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಬಿಚ್ಚಿ ಶುಚಿ ಮಾಡಿಸುವ ಖರ್ಚಿನಲ್ಲಿ ಕೆಲವೊಮ್ಮೆ ಇನ್ನೊಂದು ಹಳೆಯ ಲೆನ್ಸೇ ಬಂದೀತು.

ಉಪಾಯ ಸುಲಭ. ಗಾಳಿ ಹೋಗದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಹರಳು, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರು. ಮೀಟರಿನ ಮುಳ್ಳು 60 ದಾಟಬಾರದು. 40-50ರಲ್ಲಿದ್ದರೆ ಉತ್ತಮ. ನೀಲಿ ಹರಳು ತೇವ ಕುಡಿದಾಗ ಗುಲಾಬಿಯಾಗುತ್ತದೆ. ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆ ಬೇಡ, ನೀಲಿ ಬಣ್ಣದ್ದು ವಿಷಕಾರಿ. ಮಕ್ಕಳ ಕೈಗೂ ಸಿಗದಿರಲಿ.

ಎಲ್ಲಕ್ಕಿಂತ ದೊಡ್ಡ ಮದ್ದು, ಬಳಸುವುದು. ವಾರಕ್ಕೊಮ್ಮೆಯಾದರೂ ಹೊರತೆಗೆದು ನಾಲ್ಕು ಚಿತ್ರ ತೆಗೆಯಿರಿ. ಮಳೆಯಲ್ಲಿ ನೆನೆದು ಬಂದರೆ ಒರೆಸಿ, ಫ್ಯಾನಿನಡಿ ಆರಿಸಿ, ಆಮೇಲೆ ಡಬ್ಬಕ್ಕೆ. ಬೋರ್ಡೋ ಸಿಂಪಡಣೆಯ ದಿನ ಮರದಡಿಗೆ ಒಯ್ಯಲೇಬೇಡಿ. ಒಣಗಿದ ಸುಣ್ಣದ ಹುಡಿಯನ್ನು ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು. ಮೊದಲು ರಬ್ಬರಿನ ಬ್ಲೋವರಿನಿಂದ ಊದಿ, ಆಮೇಲೆ ಮೆತ್ತನೆಯ ಬಟ್ಟೆ.

ಮೊದಲ ತಿಂಗಳಿಗೆ ಇಷ್ಟು ಸಾಕು

* ಮೊದಲು ದಿನಾಂಕ, ಸಮಯ ಸರಿ ಮಾಡಿ. ತಪ್ಪು ದಿನಾಂಕದ ಚಿತ್ರ ದಾಖಲೆಗೆ ಬಾರದು.
* 32 ಜಿಬಿ ಕಾರ್ಡ್ ಒಂದು ಸಾಕು, ಮೂರು ಸಾವಿರದಷ್ಟು ಚಿತ್ರ ಹಿಡಿಯುತ್ತದೆ. ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಇಳಿಸಿ, ಇನ್ನೊಂದು ಕಡೆ ಪ್ರತಿ ಇಡಿ.
* ಚಕ್ರವನ್ನು 'ಪಿ'ಯಲ್ಲಿಟ್ಟು ಶುರು ಮಾಡಿ. ತೋಟದೊಳಗೆ ಐಎಸ್‌ಒ 800ರಿಂದ 1600. ಹೆದರಬೇಡಿ, ಹಂಡೆ ದೊಡ್ಡದಿದೆ.
* ಉದ್ದ ಲೆನ್ಸಿನಲ್ಲಿ ಶಟರ್ ವೇಗ ಸೆಕೆಂಡಿನ ನಾನೂರನೇ ಒಂದು ಪಾಲು ಇದ್ದರೆ ನಡುಕದ ಭಯವಿಲ್ಲ. ಅಷ್ಟು ಬೆಳಕಿಲ್ಲದಿದ್ದರೆ ಕ್ಯಾಮರಾವನ್ನು ಮರಕ್ಕೆ ಒತ್ತಿ ಹಿಡಿಯಿರಿ. ಬಿದಿರಿನ ಕೋಲು ನೆಟ್ಟು ಅದಕ್ಕೆ ಆನಿಸಿದರೂ ಆದೀತು.
* ಮರದ ತುದಿ ನೋಡುವಾಗ ಉದ್ದ ಲೆನ್ಸನ್ನು ಸೂರ್ಯನ ಕಡೆ ತಿರುಗಿಸಿ ಕಣ್ಣಿಡಬೇಡಿ. ಕಣ್ಣೇ ಹೋದೀತು.
* ಎಲೆ, ಹಣ್ಣಿಗೆ ಬೆಳಗ್ಗಿನ ಬೆಳಕು ಅಥವಾ ತೆಳು ಮೋಡ ಒಳ್ಳೆಯದು. ನಡು ಮಧ್ಯಾಹ್ನವಾದರೆ ಬಿಳಿ ಪಂಚೆಯನ್ನು ಮೇಲೆ ಹಿಡಿಸಿ.

ಮತ್ತೆ ಆ ಹೊಳೆಬದಿ

2024ರ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕ್ಯಾಮರಾ ಹಿಡಿದು ಸಾಲಿನ ನಡುವೆ ನಡೆಯುವ ಅಭ್ಯಾಸ ಮಾಡಿದೆ. ಜುಲೈ ಕೊನೆಗೆ ಹೊಳೆಬದಿಯ ಐದು ಮರಗಳ ಕೆಳಗಿನ ಸೋಗೆಯಲ್ಲಿ ಚುಕ್ಕಿ ಕಂಡಿತು. ಬರಿಗಣ್ಣಿಗೆ ಅದು ಹಸುರು ಸೋಗೆಯೇ. ಚಿತ್ರ ಹಿಗ್ಗಿಸಿ ನೋಡಿದಾಗ ಕಂದು ಚುಕ್ಕಿ, ಸುತ್ತ ಉಂಗುರ. ಅಂದೇ ತಜ್ಞರಿಗೆ ಕಳಿಸಿದೆ. "ಎಲೆಚುಕ್ಕಿಯ ಹಾಗೆ ಕಾಣ್ತದೆ. ಒಂದು ಸೋಗೆ ಇಳಿಸಿ ಖಚಿತ ಮಾಡಿಕೊಳ್ಳಿ" ಎಂದರು. ಯಾವ ಮರದ ಯಾವ ಸೋಗೆ ಎಂಬುದು ಗೊತ್ತಿದ್ದುದರಿಂದ ಮರ ಏರುವವರಿಗೆ ಹತ್ತು ನಿಮಿಷದ ಕೆಲಸ. ರೋಗದ ಸೋಗೆ ತೆಗೆದು ಸುಟ್ಟೆವು, ಮಳೆ ಬಿಟ್ಟ ಕೂಡಲೇ ಸಿಂಪಡಣೆಯೂ ಆಯಿತು. ಆ ವರ್ಷ ಮೇಲಿನ ತಟ್ಟಿಗೆ ಚುಕ್ಕಿ ಹತ್ತಲಿಲ್ಲ. ಕ್ಯಾಮರಾದಿಂದಲೇ ಹತ್ತಲಿಲ್ಲ ಎಂದು ಹೇಳುವುದಿಲ್ಲ. ಮಳೆ, ಗಾಳಿ ಎಲ್ಲ ಸೇರಿದ ಲೆಕ್ಕ ಅದು. ಆದರೆ ಒಂಬತ್ತು ದಿನ ಕಾಯುವ ಸ್ಥಿತಿ ಮಾತ್ರ ತಪ್ಪಿತು.

ಕ್ಯಾಮರಾ ರೋಗ ಗುಣ ಮಾಡುವುದಿಲ್ಲ, ರೋಗ ನಿರ್ಣಯವನ್ನೂ ಮಾಡುವುದಿಲ್ಲ. ಯಾವ ಮರ ಏರಬೇಕು, ಎಂದು ಏರಬೇಕು ಎಂದು ಹೇಳುತ್ತದೆ. ಹಾಗೆ ನೋಡಿದರೆ ಅದು ದೋಟಿ, ಕತ್ತಿಯ ಸಾಲಿನ ಇನ್ನೊಂದು ಸಲಕರಣೆ.

ನೆರೆಯ ಭಾವ ಮೊನ್ನೆ ಬಂದು, "ನನಗೂ ಒಂದು ನೋಡಿ ಹೇಳಿ, ಯಾವ ಕಂಪನಿ ಒಳ್ಳೆಯದು?" ಎಂದು ಕೇಳಿದರು. ಕಂಪನಿ ಹೇಳಲಿಲ್ಲ. ಒಂದು ಕಾಗದ, ಪೆನ್ನು ಕೊಟ್ಟು, "ಹತ್ತು ಚಿತ್ರದ ಪಟ್ಟಿ ಬರೆಯಿರಿ ಭಾವ, ಚಾ ಮಾಡಿಸ್ತೇನೆ" ಎಂದೆ. ಬರೆದು ಮುಗಿಸಿದಾಗ ಒಂಬತ್ತು ಚಿತ್ರ ಮೊಮ್ಮಗಳದ್ದು, ಒಂದು ಕಪಿಲೆ ದನದ್ದು. "ನಿಮ್ಮ ಫೋನಿನ ಲೆನ್ಸ್ ಒರೆಸಿ, ಅಷ್ಟು ಸಾಕು" ಎಂದೆ. ಅವರ 25 ಸಾವಿರ ಉಳಿಯಿತು.